ಹಾಸ್ಟೆಲಿನ ಕಜ್ಜಿ: 48 ಹುಡುಗಿಯರು, ಎರಡು ಶನಿವಾರ

ರಾತ್ರಿ ಲೈಟ್ ಆರಿಸಿ ಕಾರಿಡಾರಿನಲ್ಲಿ ನಡೆದರೆ ಪರಪರ ಕೆರೆದುಕೊಳ್ಳುವ ಸದ್ದು. ಒಂದು ಕೋಣೆಯಿಂದಲ್ಲ, ಮೂರು ಕೋಣೆಯಿಂದ. ಹಾವೇರಿ ಜಿಲ್ಲೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು ವಾರ್ಡನ್. ಕಳೆದ ಚಳಿಗಾಲದಲ್ಲಿ ನಮ್ಮಲ್ಲಿ ಕಜ್ಜಿ ಹಬ್ಬಿತ್ತು. ಅದನ್ನು ಹೋಗಲಾಡಿಸೋಕೆ ನನಗೆ ಮೂರು ತಿಂಗಳು ಬೇಕಾಯಿತು. ಮೊದಲ ಎರಡು ತಿಂಗಳು ಹೋಗಿದ್ದು ನನ್ನ ತಪ್ಪಿನಿಂದಲೇ.

ಶುರುವಾಗಿದ್ದು ಆರನೇ ಕ್ಲಾಸಿನ ಒಬ್ಬ ಹುಡುಗಿಯಿಂದ. ಅವಳಪ್ಪ ಮೆಡಿಕಲ್ ಶಾಪಿನಿಂದ ಯಾವುದೋ ಟ್ಯೂಬ್ ತಂದುಕೊಟ್ಟಿದ್ದರು. ಹಚ್ಚಿದ ಎರಡೇ ದಿನಕ್ಕೆ ಕೆರೆತ ಇಳಿಯಿತು. ಸದ್ಯ, ವಾಸಿಯಾಯ್ತಲ್ಲ ಅಂದುಕೊಂಡೆ. ಎರಡು ವಾರ ಕಳೆಯುವಷ್ಟರಲ್ಲಿ ಹೊಟ್ಟೆ, ಸೊಂಟ, ತೊಡೆಯ ತುಂಬ ಗುಳ್ಳೆ. ಆ ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತು ಅಂತ ಆಮೇಲೆ ಗೊತ್ತಾಯಿತು. ಸ್ಟೀರಾಯ್ಡ್ ಕೆರೆತವನ್ನು ಅಡಗಿಸುತ್ತದೆ, ಕಜ್ಜಿ ತರುವ ಹುಳವನ್ನು ಕೊಲ್ಲುವುದಿಲ್ಲ. ಹುಳ ಒಳಗೊಳಗೇ ಹೆಚ್ಚುತ್ತಾ ಹೋಗುತ್ತದೆ.

ಆಮೇಲೆ ಕೆರೆತ ಇದ್ದ ಒಂಬತ್ತು ಮಕ್ಕಳನ್ನು ಪಿಎಚ್‌ಸಿಗೆ ಕರೆದುಕೊಂಡು ಹೋದೆ. ಹುಳ ಕೊಲ್ಲುವ 5% ಪರ್ಮೆಥ್ರಿನ್ ಮುಲಾಮು ಕೊಟ್ಟರು. ಒಂಬತ್ತು ಜನಕ್ಕೂ ಹಚ್ಚಿಸಿದೆ. ತಿಂಗಳು ತುಂಬುವುದರೊಳಗೆ ಹದಿನೇಳು ಜನಕ್ಕೆ ಕೆರೆತ. ಔಷಧಿಯೇ ಸರಿ ಇಲ್ಲ ಅಂತ ಮತ್ತೆ ಅದೇ ಡಾಕ್ಟರ ಹತ್ತಿರ ಹೋದೆ.

ಅವರು ಒಬ್ಬ ಹುಡುಗಿಯ ಕೈ ಹಿಡಿದು, ಟಾರ್ಚ್ ಬಿಟ್ಟು, ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಬೆರಳ ಸಂದಿಯಲ್ಲಿ ಒಂದು ಸೊಟ್ಟ ಗೆರೆ. ಪೆನ್ಸಿಲಿನಿಂದ ತೆಳ್ಳಗೆ ಎಳೆದ ಹಾಗೆ, ಬೂದು ಬಣ್ಣ. ಉದ್ದ ಅರ್ಧ ಸೆಂಟಿಮೀಟರ್ ಇತ್ತೋ ಏನೋ. "ಇದು ಅದರ ಬಿಲ" ಅಂದರು. ಅರ್ಧ ಮಿಲಿಮೀಟರ್ ಕೂಡ ಇಲ್ಲದ ಹೆಣ್ಣು ಹುಳ ಚರ್ಮದ ಮೇಲ್ಪದರ ಕೊರೆದು, ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತಾ ಹೋಗುತ್ತದಂತೆ. ಸಾಮಾನ್ಯವಾಗಿ ಒಬ್ಬರ ಇಡೀ ಮೈಮೇಲೆ ಇರುವುದು ಹತ್ತೋ ಹದಿನೈದೋ ಹುಳ, ಅಷ್ಟೇ. ಕೆರೆತ ಬರುವುದು ಆ ಹುಳ, ಅದರ ಹಿಕ್ಕೆ ನಮ್ಮ ಮೈಗೆ ಒಗ್ಗದೆ ಇರುವುದರಿಂದ. ಮೊದಲ ಸಲ ಅಂಟಿದವರಿಗೆ ಕೆರೆತ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು.

ನನ್ನ ತಪ್ಪು ಆಗ ಗೊತ್ತಾಯಿತು. ಕೆರೆತ ಇಲ್ಲದವರ ಮೈಯಲ್ಲೂ ಹುಳ ಇತ್ತು. ಚಳಿಗೆ ಒಂದೇ ಹೊದಿಕೆಯಲ್ಲಿ ಇಬ್ಬರು ಮಲಗುವ ಮಕ್ಕಳು. ವಾಸಿಯಾದ ಒಂಬತ್ತು ಜನಕ್ಕೆ ಪಕ್ಕದವರಿಂದ ಮತ್ತೆ ಅಂಟಿತ್ತು.

ಈ ಸಲ ಎಲ್ಲರಿಗೂ, ಒಂದೇ ರಾತ್ರಿ. 48 ಮಕ್ಕಳು, ಇಬ್ಬರು ಅಡುಗೆಯವರು, ರಾತ್ರಿ ಕಾವಲಿನ ಅಮ್ಮ, ನಾನು. ದೊಡ್ಡ ಹುಡುಗಿಗೆ ಒಂದು ಸಲಕ್ಕೆ 30 ಗ್ರಾಮಿನ ಒಂದು ಟ್ಯೂಬ್ ಬೇಕಾಗುತ್ತದೆ, ಚಿಕ್ಕವರಿಗೆ ಅದಕ್ಕಿಂತ ಕಡಿಮೆ. ಟ್ಯೂಬುಗಳನ್ನೆಲ್ಲ ಮೊದಲೇ ಕೂಡಿಸಿಟ್ಟುಕೊಂಡೆ. ಅರ್ಧ ಜನಕ್ಕೆ ಇವತ್ತು, ಉಳಿದವರಿಗೆ ಟ್ಯೂಬ್ ಬಂದ ಮೇಲೆ ಅಂತ ಮಾಡಿದ್ದರೆ ಮತ್ತೆ ಅದೇ ಕಥೆಯಾಗುತ್ತಿತ್ತು.

"ನನಗ ಕೆರಿಯಾಕತ್ತೇ ಇಲ್ಲರೀ ಮೇಡಂ, ನನಗ್ಯಾಕ ಹಚ್ತೀರಿ?" ಅಂತ ಹತ್ತನೇ ಕ್ಲಾಸಿನವರು ತಕರಾರು ತೆಗೆದರು. ಎಲ್ಲರೆದುರು ಮೊದಲು ನಾನೇ ಹಚ್ಚಿಕೊಂಡೆ. ಆಮೇಲೆ ಯಾರೂ ಮಾತಾಡಲಿಲ್ಲ.

ಶನಿವಾರ ಊಟ ಏಳಕ್ಕೇ ಮುಗಿಸಿದೆವು. ಇದು ಮುಖ್ಯ. ಹಿಂದಿನ ಸಲ ಹಚ್ಚಿಕೊಂಡ ಮೇಲೆ ಮಕ್ಕಳು ಊಟ ಮಾಡಿ ಕೈ ತೊಳೆದಿದ್ದರು. ಹುಳ ಜಾಸ್ತಿ ಇರುವ ಬೆರಳ ಸಂದಿಯ ಮುಲಾಮೇ ನೀರಿನ ಪಾಲಾಗಿತ್ತು. ಈ ಸಲ ಊಟ, ಬಚ್ಚಲು ಎಲ್ಲ ಮುಗಿದ ಮೇಲೇ ಟ್ಯೂಬ್ ಕೈಗೆ ಕೊಟ್ಟೆ. ಮಧ್ಯರಾತ್ರಿ ಎದ್ದು ಕೈ ತೊಳೆದವರು ಕೈಗೆ ಮತ್ತೆ ಹಚ್ಚಿಕೊಳ್ಳಬೇಕು ಅಂತ ಹೇಳಿಟ್ಟೆ.

ಮೊದಲು ಉಗುರು ಕತ್ತರಿಸಿದೆವು. ಸ್ನಾನ ಬೆಳಿಗ್ಗೆಯೇ ಆಗಿತ್ತು. ಮೈ ಒಣಗಿ ತಣ್ಣಗಿರಬೇಕು. ಗುಳ್ಳೆ ಇದ್ದ ಕಡೆ ಮಾತ್ರ ಚುಕ್ಕಿ ಇಟ್ಟರೆ ಏನೂ ಪ್ರಯೋಜನ ಇಲ್ಲ. ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದಿಂಚೂ ಬಿಡಬಾರದು. ಬೆನ್ನಿಗೆ ಒಬ್ಬರಿಗೊಬ್ಬರು ಹಚ್ಚಿದರು. ಎಲ್ಲರೂ ಮರೆಯುವ ಜಾಗ ಕೆಲವಿವೆ: ಹೊಕ್ಕಳು, ಕಂಕುಳು, ತೊಡೆಸಂದು, ಕುಂಡೆಯ ಮಡಿಕೆ, ಕಾಲ್ಬೆರಳ ಸಂದಿ, ಉಗುರಿನ ಕೆಳಗೆ. ಅವನ್ನು ನಾನು ಜೋರಾಗಿ ಒಂದೊಂದೇ ಹೇಳುತ್ತಾ ಹೋದೆ, ಮಕ್ಕಳು ಹಚ್ಚುತ್ತಾ ಹೋದರು. ಅಡುಗೆಯವಳ ಮನೆಯ ಒಂದೂವರೆ ವರ್ಷದ ಕೂಸಿಗೆ ಮಾತ್ರ ಡಾಕ್ಟರು ಕಣ್ಣು, ಬಾಯಿ ಬಿಟ್ಟು ತಲೆಗೂ ಮುಖಕ್ಕೂ ಹಚ್ಚಲು ಹೇಳಿದ್ದರು. ಎರಡು ತಿಂಗಳು ತುಂಬದ ಕೂಸಿಗೆ ಈ ಮುಲಾಮು ಬೇಡ, ಡಾಕ್ಟರಿಗೇ ತೋರಿಸಿ. ಭಾನುವಾರ ಬೆಳಿಗ್ಗೆ ಎಲ್ಲರ ಸ್ನಾನ.

ಬಟ್ಟೆಯ ವಿಷಯಕ್ಕೆ ನಾನು ತುಂಬಾ ತಲೆ ಕೆಡಿಸಿಕೊಂಡಿದ್ದೆ. ಅಷ್ಟು ಬೇಕಿರಲಿಲ್ಲ. ಕಜ್ಜಿ ಹೆಚ್ಚಾಗಿ ಹರಡುವುದು ಮೈಗೆ ಮೈ ತಾಗಿ. ಮೈಯಿಂದ ಬಿದ್ದ ಹುಳ ಎರಡು ಮೂರು ದಿನದಲ್ಲಿ ಸಾಯುತ್ತದೆ. ಉಟ್ಟ ಬಟ್ಟೆ, ಹಾಸಿಗೆ ಹೊದಿಕೆ, ಟವೆಲ್ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದೆವು. ಒಗೆಯಲಾಗದ ರಗ್ಗುಗಳನ್ನು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಒಂದು ವಾರ ಅಟ್ಟಕ್ಕೆ ಹಾಕಿದೆ.

ಮುಂದಿನ ಶನಿವಾರ ಎಲ್ಲ ಮತ್ತೆ ಮೊದಲಿನಿಂದ. ಮೊದಲ ಸಲ ಉಳಿದುಕೊಂಡ ಮೊಟ್ಟೆ ಒಡೆದು ಬಂದ ಮರಿಗಳು ದೊಡ್ಡವಾಗಿ ಮೊಟ್ಟೆ ಇಡುವ ಮೊದಲೇ ಸಾಯಬೇಕಲ್ವಾ, ಅದಕ್ಕೆ.

ಆದರೂ ಕೆರೆತ ನಿಲ್ಲಲಿಲ್ಲ. "ಇನ್ನೊಂದು ಟ್ಯೂಬ್ ಕೊಡ್ರೀ ಮೇಡಂ" ಅಂತ ದಿನಾ ಬರುತ್ತಿದ್ದರು. ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ಕೆರೆತ ಇರುತ್ತದೆ. ಸತ್ತ ಹುಳ ಇನ್ನೂ ಚರ್ಮದಲ್ಲೇ ಇರುತ್ತದಲ್ಲ. ಸುಮ್ನೆ ಮೇಲಿಂದ ಮೇಲೆ ಮುಲಾಮು ಹಚ್ಚಿದರೆ ಚರ್ಮ ಉರಿದು ಇನ್ನಷ್ಟು ತುರಿಸುತ್ತದೆ. ರಾತ್ರಿ ನಿದ್ದೆ ಬರದವರಿಗೆ ಡಾಕ್ಟರು ಕೆರೆತದ ಮಾತ್ರೆ ಕೊಟ್ಟರು. ಉಳಿದವರಿಗೆ ಕೊಬ್ಬರಿ ಎಣ್ಣೆ ಸಾಕಾಯಿತು. ಕೆರೆದು ಕೀವಾಗಿದ್ದ ಇಬ್ಬರಿಗೆ ಬೇರೆ ಔಷಧಿ ಬೇಕಾಯಿತು.

ಒಬ್ಬ ಹುಡುಗಿ ಮಾತ್ರ ಇನ್ನೂ ಕಣ್ಣಮುಂದೆ ಇದ್ದಾಳೆ. ಏಳನೇ ಕ್ಲಾಸು, ಬಹಳ ಶಿಸ್ತಿನ ಮಗು. ಕಜ್ಜಿ ಕೊಳಕರಿಗೆ ಬರುವುದು ಅಂತ ಯಾರೋ ಅಂದಿದ್ದರು. ಅವಳು ದಿನಕ್ಕೆ ಎರಡು ಸಲ ಸೋಪು ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ಮಣಿಕಟ್ಟಿನ ಚರ್ಮ ಒಡೆಸಿಕೊಂಡಿದ್ದಳು. ಅವಳ ಕೈ ಹಿಡಿದುಕೊಂಡು ಹೇಳಿದೆ, "ನೀ ಕೊಳಕಿ ಅಲ್ಲವ್ವಾ, ಇದು ಯಾರಿಗಾದ್ರೂ ಬರ್ತದ." ಬಿಕ್ಕಿ ಬಿಕ್ಕಿ ಅತ್ತಳು. ನವೆಂಬರಿನಲ್ಲೇ ಈ ಮಾತು ಹೇಳಬೇಕಿತ್ತು ನಾನು. ಬೈಯುತ್ತಾರೆಂಬ ಹೆದರಿಕೆಗೆ ನಾಲ್ಕೈದು ಮಕ್ಕಳು ವಾರಗಟ್ಟಲೆ ಕೈ ಮುಚ್ಚಿಕೊಂಡೇ ಓಡಾಡಿದ್ದರು.

ಈಗ ರಜೆ ಮುಗಿಸಿ ಬಂದ ದಿನ ಪ್ರತಿ ಹುಡುಗಿಯೂ ಟ್ರಂಕ್ ಇಳಿಸಿ ನನ್ನ ಮುಂದೆ ಎರಡೂ ಕೈ ಚಾಚುತ್ತಾಳೆ. ನಾನು ಟಾರ್ಚ್ ಬಿಟ್ಟು ಬೆರಳ ಸಂದಿ ನೋಡುತ್ತೇನೆ. ಗೆರೆ ಕಂಡರೆ ಅವತ್ತೇ ಮನೆಗೆ ಫೋನ್ ಮಾಡುತ್ತೇನೆ. ಅಪ್ಪ, ಅವ್ವ, ತಮ್ಮ, ಅಜ್ಜಿ, ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು ಅಂತ.