4294967297: ಪೆನ್ನು ಪೇಪರಲ್ಲೇ ಒಡೆದ ಲೆಕ್ಕ

ಕಂಪ್ಯೂಟರ್‌ಗೆ ಕೊಟ್ರೆ ಎಂಟರ್ ಒತ್ತೋದ್ರೊಳಗೆ ಉತ್ರ ಬರತ್ತೆ ಅಂತ ಗೊತ್ತು, ಆದ್ರೂ ಇದನ್ನ ಕೈಯಲ್ಲೇ ಮಾಡ್ಬೇಕು ಅಂತ ಹಠ. ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 297, ಅಂದ್ರೆ 2ರ ಘಾತ 32ಕ್ಕೆ ಒಂದು ಕೂಡಿಸಿದ್ದು. 3, 5, 17, 257, 65537 (2ರ ಘಾತ 1, 2, 4, 8, 16ಕ್ಕೆ ಒಂದೊಂದು ಕೂಡಿಸಿದ್ದು) ಆದ್ಮೇಲೆ ಅದೇ ಸಾಲಲ್ಲಿ ಬರೋ ಆರನೇದು ಇದು. ಮೊದಲ ಐದೂ ಪ್ರೈಮ್, ಹಾಗಾಗಿ ಫ್ರೆಂಚ್ ಗಣಿತಜ್ಞ ಫರ್ಮಾ 1640ರಲ್ಲಿ ಮುಂದಿನವೂ ಹಾಗೇ ಇರತ್ವೆ ಅಂತ ನಂಬಿದ್ದ, 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಈ ಆರನೇದನ್ನೇ ಒಡೆದು ತೋರಿಸ್ದ.

ನೇರವಾಗಿ ಹೋದ್ರೆ ಇದರ ವರ್ಗಮೂಲ 65536 ಚಿಲ್ಲರೆ, ಅಲ್ಲೀತನಕ ಇರೋ ಪ್ರೈಮ್‌ಗಳು 6542. ಅಷ್ಟನ್ನೂ ಒಂದೊಂದಾಗಿ ಭಾಗಿಸ್ತಾ ಕೂತ್ರೆ ಆಯ್ತು ಬಿಡಿ.

ಅದಕ್ಕೆ ನಾನು ಹಿಡಿದ ದಾರಿ ಇದು. ಯಾವುದೋ ಪ್ರೈಮ್ ಇದನ್ನ ಭಾಗಿಸತ್ತೆ ಅಂದ್ಕೊಳಿ, ಆಗ ಅದರಿಂದ ಭಾಗಿಸಿದ್ರೆ 2ರ ಘಾತ 32ರ ಶೇಷ ಮೈನಸ್ ಒಂದು (ಅಂದ್ರೆ ಆ ಪ್ರೈಮ್ ಪೂರ್ತಿ ಆಗೋಕೆ ಒಂದು ಕಮ್ಮಿ), ಅದನ್ನ ವರ್ಗ ಮಾಡಿದ್ರೆ ಘಾತ 64ಕ್ಕೆ ಶೇಷ ಒಂದು, ಅದಕ್ಕಿಂತ ಮುಂಚೆ ಎಲ್ಲೂ ಒಂದು ಬರಲ್ಲ, ಆದ್ರೆ ಆ ಪ್ರೈಮ್‌ಗಿಂತ ಒಂದು ಕಮ್ಮಿ ಇರೋ ಘಾತಕ್ಕೂ ಶೇಷ ಒಂದೇ ಬರ್ಬೇಕು, ಅಂದ್ರೆ ಪ್ರೈಮಲ್ಲಿ ಒಂದು ಕಳೆದ್ರೆ ಉಳಿಯೋದು 64ರ ಮಗ್ಗಿಯಲ್ಲೇ ಇರ್ಬೇಕು. (ಈ ಕೊನೇ ನಿಯಮವೂ ಫರ್ಮಾಂದೇ! ಅವನ ಆಯುಧದಿಂದ್ಲೇ ಅವನ ಊಹೆ ಬಿತ್ತು.) ಈಗ 65, 129, 193, 257 ಅಂತ ಬರ್ಕೊಂಡು ಹೋಗಿ ಪ್ರೈಮ್ ಅಲ್ಲದ್ದನ್ನ ಹೊಡೆದು ಹಾಕಿದ್ರೆ ಉಳಿಯೋದು 193, 257, 449, 577, 641.

ಹತ್ತಂಕಿ ಸಂಖ್ಯೆನ ಭಾಗಿಸೋ ಗೋಜೂ ಬೇಡ. 65536ನ ಭಾಗಿಸಿ ಶೇಷ ತಗೊಳಿ, ಅದನ್ನ ವರ್ಗ ಮಾಡಿ ಮತ್ತೆ ಶೇಷ ತಗೊಳಿ, ಒಂದು ಕೂಡಿಸಿ, ಆ ಪ್ರೈಮೇ ಬಂದ್ರೆ ಅದು ಭಾಗಿಸತ್ತೆ ಅಂತ. 193ಕ್ಕೆ 109 ಬಂತು, 257ಕ್ಕೆ 2, 449ಕ್ಕೆ 325, 577ಕ್ಕೆ 288. 641ಕ್ಕೆ ಮೊದಲ ಶೇಷ 154, ಅದರ ವರ್ಗ 23716, ಅದರ ಶೇಷ 640, ಒಂದು ಕೂಡಿಸಿದ್ರೆ 641, ಸಿಕ್ತು!!

ಇನ್ನೊಂದು ಭಾಗ 6700417. ಇದನ್ನ ಇನ್ನೂ ಒಡೀಬಹುದಾ ಅಂತ ನೋಡೋಕೆ ಫ್ರೆಂಚ್ ಗಣಿತಜ್ಞ ಲ್ಯೂಕಾ ಬಿಗಿ ಮಾಡಿದ ನಿಯಮ ಹಿಡಿದೆ, ಅದ್ರಲ್ಲಿ 64ರ ಬದ್ಲು 128ರ ಮಗ್ಗಿ. 2588ರ ತನಕ ನೋಡಿದ್ರೆ ಸಾಕು, 257 ಆಗ್ಲೇ ಔಟ್, ಉಳಿದ 641, 769, 1153, 1409ಕ್ಕೆ ಶೇಷ ಕ್ರಮವಾಗಿ 44, 120, 334, 622. ಸೊನ್ನೆ ಎಲ್ಲೂ ಇಲ್ಲ, ಪ್ರೈಮೇ.

ಅಪವರ್ತನ ಕೈಗೆ ಬಂದ್ಮೇಲೆ ಜಾತಿ ಹೇಳೋದು ಸುಲಭ. ಎರಡೇ ಪ್ರೈಮ್‌ಗಳ ಗುಣಲಬ್ಧ, ತನ್ನನ್ನ ಬಿಟ್ಟು ಉಳಿದ ಭಾಜಕಗಳ ಮೊತ್ತ 6701059 ಅಷ್ಟೇ, ಹಾಗಾಗಿ ಪರಿಪೂರ್ಣ ಸಂಖ್ಯೆ (ಆ ಮೊತ್ತ ಸಂಖ್ಯೆಗೇ ಸಮ ಆಗೋದು) ಹತ್ರಕ್ಕೂ ಬರಲ್ಲ, ಮೊತ್ತ ಕಮ್ಮಿ ಬೀಳೋ ಕೊರತೆ ಗುಂಪಿಗೆ ಹೋಗತ್ತೆ. ನಂಗೆ ಮಜಾ ಕೊಟ್ಟಿದ್ದು ವರ್ಗಗಳ ವಿಷ್ಯ: 65536ರ ವರ್ಗಕ್ಕೆ 1ರ ವರ್ಗ ಕೂಡಿಸಿದ್ರೂ ಇದೇ, 62264ರ ವರ್ಗಕ್ಕೆ 20449ರ ವರ್ಗ ಕೂಡಿಸಿದ್ರೂ ಇದೇ. ಪ್ರೈಮ್ ಆಗಿದ್ರೆ ಹೀಗೆ ಎರಡು ಥರ ಬರೆಯೋಕೆ ಆಗ್ತಾನೇ ಇರ್ಲಿಲ್ಲ. ಇನ್ನೊಂದು, ಫರ್ಮಾ ಪರೀಕ್ಷೆನ (ಸಂಖ್ಯೆಗಿಂತ ಒಂದು ಕಮ್ಮಿ ಇರೋ ಘಾತಕ್ಕೆ ಶೇಷ ಒಂದು ಬರತ್ತಾ ಅಂತ ನೋಡೋದು) 2 ಹಿಡಿದು ಮಾಡಿದ್ರೆ ಇದು ಪ್ರೈಮ್ ಥರಾನೇ ಪಾಸಾಗತ್ತೆ, ಹಾಗಾಗಿ ಕೋಡ್ ಬರೆಯೋರು 2 ಒಂದನ್ನೇ ನಂಬ್ಬೇಡಿ, 3 ಹಾಕಿದ್ರೆ ಸಿಕ್ಕಿಬೀಳತ್ತೆ.

ಮುಂದಿನದು 2ರ ಘಾತ 64 ಪ್ಲಸ್ ಒಂದು. ಅದರ ಚಿಕ್ಕ ಭಾಜಕ 274177, 1855ರಲ್ಲೇ ಕ್ಲಾಸೆನ್ ಅನ್ನೋ ಗಣಿತಜ್ಞ ಕಂಡುಹಿಡಿದದ್ದು, 1880ರಲ್ಲಿ ಲ್ಯಾಂಡ್ರಿ ಅನ್ನೋ ಇನ್ನೊಬ್ಬ ಬೇರೆಯಾಗಿ ಕಂಡುಹಿಡಿದ, ಇದೇ ದಾರೀಲಿ ಹೋದ್ರೆ 256ರ ಮಗ್ಗಿಯಲ್ಲಿ 1071ನೇ ಸಾಲಿಗೆ ಸಿಗತ್ತೆ. ಅದನ್ನ ಮಾತ್ರ ನಾನು ಕಂಪ್ಯೂಟರ್ ಭಾಷೆ ಪೈಥಾನ್‌ಗೇ ಬಿಟ್ಟೆ.