ದೇವರ ಮೇಲೆ ಭಾರ ಹಾಕುವ ಮುನ್ನ: ಕಷ್ಟಕಾಲದಲ್ಲಿ ತಾಳ್ಮೆ ರೂಢಿಸಿಕೊಳ್ಳುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಕಷ್ಟದಲ್ಲಿರುವವರಿಗೆ ಎಲ್ಲರೂ ಹೇಳುವ ಮಾತು ‘ದೇವರ ಮೇಲೆ ಭಾರ ಹಾಕು’. ಮಾತು ಸರಿಯೇ. ಆದರೆ ಯಾವ ಭಾರ, ಎಷ್ಟು ಹಾಕಬೇಕು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಕೆಲವರು ಕೈಚೆಲ್ಲಿ ಕೂರುತ್ತಾರೆ, ಕೆಲವರು ಸಿಕ್ಕ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತು ರಾತ್ರಿಯಿಡೀ ನಿದ್ದೆಗೆಡುತ್ತಾರೆ.

ಮೊದಲು ಮಾಡಬೇಕಾದದ್ದು ಪೂಜೆಯಲ್ಲ, ಲೆಕ್ಕ. ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಮ್ಮ ಕೈಯಲ್ಲಿರುವುದು, ಬಲಕ್ಕೆ ಕೈಮೀರಿದ್ದು. ಮೆಕ್ಕೆಜೋಳದ ಹೊಲದಲ್ಲಿ ಮಳೆನೀರು ನಿಂತಿದೆ ಎನ್ನಿ. ಬೆಳೆವಿಮೆ ಕಟ್ಟಿದ್ದರೆ 72 ಗಂಟೆಯೊಳಗೆ ವಿಮಾ ಕಂಪನಿಗೋ ಕೃಷಿ ಇಲಾಖೆಗೋ ತಿಳಿಸಬೇಕು, ಹೊಲದ ಫೋಟೊ ತೆಗೆದಿಡಬೇಕು. ಇದು ಎಡಗಡೆಯದು. ಮಳೆ ಯಾವಾಗ ಬಿಡುತ್ತದೆ, ಉಳಿದ ಕಾಳಿಗೆ ಎಪಿಎಂಸಿಯಲ್ಲಿ ಏನು ರೇಟು ಸಿಗುತ್ತದೆ ಎಂಬುದು ಬಲಗಡೆಯದು. ಆಸ್ಪತ್ರೆಯ ಕಷ್ಟವಾದರೆ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಹಿಡಿದು ಅಡ್ಮಿಟ್ ಮಾಡುವಾಗಲೇ ವಿಚಾರಿಸುವುದು ಎಡಕ್ಕೆ. ಆಪರೇಷನ್ ಏನಾಗುತ್ತದೋ ಅದು ಬಲಕ್ಕೆ.

ಎಡಗಡೆಯ ಪ್ರತಿ ಸಾಲಿನ ಮುಂದೆ ಯಾವತ್ತು, ಮನೆಯಲ್ಲಿ ಯಾರು ಹೋಗುವುದು ಎಂದು ಬರೆಯಿರಿ. ದೇವರಿಗೆ ಒಪ್ಪಿಸುವುದು ಬಲಗಡೆಯದನ್ನು ಮಾತ್ರ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ನಮ್ಮಲ್ಲಿ ಲಾರಿಗಳ ಮೇಲೂ ಇದೆ. ಅವರು ಕೆರೆ ಕಟ್ಟಿಸಿದವರು ಎಂಬುದನ್ನೂ ಜೊತೆಗೆ ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ.

ಇನ್ನು ಪ್ರಾರ್ಥನೆ. ದಿನಕ್ಕೆ ಒಂದೇ ಹೊತ್ತಾದರೂ ಸಾಕು, ಆದರೆ ಹೊತ್ತು ತಪ್ಪಬಾರದು. ಕಷ್ಟಕಾಲದಲ್ಲಿ ಎರಡು ಗಂಟೆಯ ಪೂಜೆ ಹಮ್ಮಿಕೊಂಡವರು ಬಹಳ ದಿನ ನಡೆಸಲಾರರು. ಹದಿನೈದು ನಿಮಿಷದ್ದು ಉಳಿದುಕೊಳ್ಳುತ್ತದೆ. ಇಷ್ಟಲಿಂಗ ಪೂಜೆ ಮಾಡುವವರು ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ನೀರು, ವಿಭೂತಿ, ಪತ್ರೆ ಏರಿಸಿ ದೃಷ್ಟಿ ನೆಟ್ಟು ಕೂರುವುದೇ ಇದರಲ್ಲಿ ಮುಗಿಯುತ್ತದೆ. ನಮಾಜು ಮಾಡುವವರಿಗೆ ಹೊತ್ತು ಮೊದಲೇ ಗೊತ್ತುಮಾಡಿದ್ದಿದೆ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತವರಿಗೆ ಇದ್ಯಾವುದೂ ಆಗದು. ಅವರಿಗೆ ಜಪಮಾಲೆ ಒಳ್ಳೆಯದು. ಮಾಲೆಯನ್ನು ಬಲಗೈ ನಡುಬೆರಳ ಮೇಲೆ ಇಳಿಬಿಟ್ಟು ಹೆಬ್ಬೆರಳಿನಿಂದ ಒಂದೊಂದೇ ಮಣಿ ತಮ್ಮ ಕಡೆಗೆ ಎಳೆದುಕೊಳ್ಳಬೇಕು. ಉಸಿರು ಬಿಡುವಾಗ ಒಂದು ‘ಓಂ ನಮಃ ಶಿವಾಯ’, ಒಂದು ಮಣಿ. ನಾಲ್ಕೈದು ಸೆಕೆಂಡಿಗೆ ಒಂದರಂತೆ 108 ಮಣಿಗೆ ಎಂಟು ನಿಮಿಷ ಹಿಡಿಯುತ್ತದೆ. ಮಾಲೆಯ ಎರಡು ತುದಿ ಸೇರುವ ಕಡೆ ಇರುವ ಮೇರುಮಣಿ ದಾಟದೆ ಅಲ್ಲಿಂದ ತಿರುಗಿಸಿಕೊಳ್ಳಬೇಕು. ನಾಲ್ಕು ನಿಮಿಷಕ್ಕೇ ಮುಗಿದರೆ ಬಾಯಿ ಓಡಿದೆ, ಮನಸ್ಸು ನಿಂತಿಲ್ಲ ಎಂದರ್ಥ. ಇಪ್ಪತ್ತು ಮಣಿ ಆಗುವಷ್ಟರಲ್ಲಿ ಸಾಲ, ಬಡ್ಡಿ, ಡಾಕ್ಟರ ಮುಖ ಕಣ್ಣ ಮುಂದೆ ಬರುವುದು ಸಹಜ. ಆಗ ಮೊದಲಿಂದ ಶುರು ಮಾಡಬೇಡಿ, ಬೆರಳಲ್ಲಿರುವ ಮಣಿಯಿಂದಲೇ ಮುಂದುವರಿಸಿ. ಮೊದಲಿಂದ ಶುರು ಮಾಡುತ್ತಾ ಹೋದರೆ ಜಪವೇ ಇನ್ನೊಂದು ತಲೆನೋವಾಗುತ್ತದೆ.

ತಾಳ್ಮೆ ಕೆಡುವುದು ಕಷ್ಟದಲ್ಲಲ್ಲ, ಕಾಯುವಾಗ. ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲಿ. ಈ 89 ವರ್ಷ ಜನ ಗಂಗೆಪೂಜೆಯನ್ನೂ ಬಿಡಲಿಲ್ಲ, ಬೋರು ಕೊರೆಸುವುದನ್ನೂ ಬಿಡಲಿಲ್ಲ. ಕಾಯುವ ದಿನಕ್ಕೆ ಒಂದು ಮೈಗೆಲಸ ಗೊತ್ತುಮಾಡಿ: ಕೊಟ್ಟಿಗೆ ಬಳಿಯುವುದು, ದೇವಸ್ಥಾನದ ದಾಸೋಹದಲ್ಲಿ ತರಕಾರಿ ಹೆಚ್ಚುವುದು, ಏನಾದರೂ ಸರಿ. ರಿಪೋರ್ಟ್ ಬಂತೇ, ದುಡ್ಡು ಬಿತ್ತೇ ಎಂದು ಫೋನು ನೋಡುವುದಕ್ಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದು ಮಿತಿ ಹಾಕಿಕೊಳ್ಳಿ.

ಹೆಚ್ಚು ಎಡವಟ್ಟಾಗುವುದು ಹರಕೆಯಲ್ಲಿ. ಗಾಬರಿಯಲ್ಲಿ ಕುರಿ, ಬೆಳ್ಳಿಕಣ್ಣು, ಊರಿಗೆಲ್ಲ ಊಟ ಎಂದು ಹೊತ್ತುಬಿಟ್ಟು ಆಮೇಲೆ ಕೈಸಾಲ ಮಾಡಿ ತೀರಿಸುವವರಿದ್ದಾರೆ. ಸಾಲ ಮಾಡದೆ ತೀರಿಸಲು ಆಗುವಷ್ಟನ್ನೇ ಹೊತ್ತುಕೊಳ್ಳಿ. ಅರಿಸಿನ ಹಚ್ಚಿದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಮುಡಿಪು ಕಟ್ಟಿ ಜಗಲಿ ಮೇಲಿಟ್ಟರೂ ಹರಕೆಯೇ. ‘ಅಮಾವಾಸ್ಯೆಯೊಳಗೆ ಆಗಲೇಬೇಕು’ ಎಂದು ದೇವರಿಗೆ ಗಡುವು ಹಾಕಬೇಡಿ. ಅದು ನಂಬಿಕೆಯಲ್ಲ, ವ್ಯಾಪಾರ. ‘ಇಷ್ಟು ಸಾವಿರ ಕೊಟ್ಟರೆ ದೋಷ ಪರಿಹಾರ’ ಎನ್ನುವವರ ಹತ್ತಿರ ಮನೆಯವರನ್ನು ಕೇಳದೆ ಹೋಗಬೇಡಿ. ಶುಗರ್ ಮಾತ್ರೆ ನುಂಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸದ ಹರಕೆ ಹೊರಲೇಬಾರದು. ಹರಕೆ ಇದೆ ಎಂದು ಮಾತ್ರೆ ಬಿಡುವುದಂತೂ ಇನ್ನೂ ಅಪಾಯ.

ಪಕ್ಕದ ಮನೆಯವರು ಕಷ್ಟದಲ್ಲಿದ್ದರೆ ‘ಎಲ್ಲಾ ದೇವರಿಚ್ಛೆ ಕಣಕ್ಕ’ ಎಂದು ಬರಬೇಡಿ. ನಾಲ್ಕು ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋಗಿ. ‘ಅಕ್ಕ, ಇವತ್ತು ರಾತ್ರಿ ಆಸ್ಪತ್ರೆಲಿ ನಾನಿರ್ತೀನಿ, ನೀವು ಮನೆಗೆ ಹೋಗಿ ಸ್ನಾನ ಮಾಡಿ ಮಲಗಿ’ ಅನ್ನಿ. ಊಟ ಬಿಟ್ಟವರು, ನಿದ್ದೆ ಬಾರದವರು, ಬದುಕೇ ಬೇಡ ಎನ್ನುವವರು ಇದ್ದರೆ ಭಜನೆಗೆ ಕರೆದೊಯ್ದು ಸುಮ್ಮನಾಗಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಂಥವರನ್ನು ಒಂಟಿಯಾಗಿ ಬಿಡಬೇಡಿ.

ಕೊನೆಗೆ ಬೇಡಿದ್ದು ಆಗದೇ ಹೋದರೆ ಮುಡಿಪನ್ನು ಏನು ಮಾಡಬೇಕು ಎಂದು ಬಹಳ ಜನ ಕೇಳುತ್ತಾರೆ. ಬಿಚ್ಚಿ ಖರ್ಚು ಮಾಡಬೇಡಿ, ಜಗಲಿಯ ಮೇಲೂ ಬಿಡಬೇಡಿ. ಅಲ್ಲೇ ಇದ್ದರೆ ದಿನಾ ಕಣ್ಣಿಗೆ ಬಿದ್ದು ದೇವರ ಮೇಲಿನ ಸಿಟ್ಟು ಆರುವುದೇ ಇಲ್ಲ. ಮನೆಯಲ್ಲಿ ಸಾವಾಗಿದ್ದರೆ ಸೂತಕ ಕಳೆಯುವವರೆಗೆ ಕಾಯಿರಿ. ಆಮೇಲೆ ಒಂದು ಸೋಮವಾರವೋ ಮಂಗಳವಾರವೋ ಅದೇ ದೇವರ ಹುಂಡಿಗೆ ಹಾಕಿ ಬನ್ನಿ. ಸಿಟ್ಟಿದ್ದರೆ ಅದನ್ನೂ ಅಲ್ಲೇ ಹೇಳಿ ಬರಬಹುದು, ತಪ್ಪೇನಿಲ್ಲ.