ಶ್ವಾಸಕೋಶದ ರಕ್ತನಾಳದ ಗೋಡೆಯ ಬದಲಾವಣೆಯನ್ನು ನಾನು ಅಳೆಯುವ ಬಗೆ

ಶ್ವಾಸಕೋಶದ ಅಧಿಕ ರಕ್ತದೊತ್ತಡದಲ್ಲಿ ಸಣ್ಣ ಅಪಧಮನಿಗಳು ಬರೀ ಬಿಗಿದುಕೊಳ್ಳುವುದಿಲ್ಲ, ಗೋಡೆಯ ಜೀವಕೋಶಗಳ ಸ್ವಭಾವವೇ ಬದಲಾಗುತ್ತದೆ. ನಾಳದ ಒಳಮೈಗೆ ಹಾಸಿರುವ ಕೋಶಪದರ, ಎಂಡೋಥೀಲಿಯಂ, ಏಟು ತಿನ್ನುತ್ತದೆ. ಮಧ್ಯಪದರದ ನಯಸ್ನಾಯು ಕೋಶಗಳು ಸಂಕುಚಿಸುವ ಕೆಲಸ ಕಡಿಮೆ ಮಾಡಿ, ಸಂಖ್ಯೆ ಹೆಚ್ಚಿಸಿಕೊಳ್ಳುತ್ತ ಕೊಲಾಜನ್ ಎಂಬ ನಾರಿನ ಪ್ರೋಟೀನ್ ಸುರಿಸುತ್ತವೆ. ಇದನ್ನು ನಾನು ಮೊದಲು ಅಂಗಾಂಶದಲ್ಲೇ ನೋಡುತ್ತೇನೆ, ಕಲ್ಚರ್ (ಕೋಶಗಳನ್ನು ದೇಹದ ಹೊರಗೆ ತಟ್ಟೆಯಲ್ಲಿ ಬೆಳೆಸುವುದು) ಏನಿದ್ದರೂ ಆಮೇಲೆ. ಪ್ಲಾಸ್ಟಿಕ್ ತಟ್ಟೆಗೆ ಬಿದ್ದ ಆರೋಗ್ಯವಂತ ಕೋಶವೂ ರೋಗದ ಕೋಶದಂತೆ ವರ್ತಿಸತೊಡಗುತ್ತದೆ.

ಪ್ರಾಣಿ ನೀತಿ ಸಮಿತಿಯ ಅನುಮತಿ ಸಿಕ್ಕಮೇಲೆ ರ್ಯಾಟ್‌ಗಳಿಗೆ ಈ ರೋಗ ಬರಿಸಲು ಮೋನೋಕ್ರೋಟಲಿನ್ ಎಂಬ ಸಸ್ಯಮೂಲದ ರಾಸಾಯನಿಕ ಕೊಡುತ್ತೇನೆ: ದೇಹತೂಕದ ಪ್ರತಿ ಕೆ.ಜಿ.ಗೆ 60 ಮಿ.ಗ್ರಾಂ, ಚರ್ಮದಡಿ, ಒಂದೇ ಸಲ. ಪುಡಿಯನ್ನು 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಟ್ಟು ಪಿಎಚ್ 7.4ಕ್ಕೆ ತರಬೇಕು. ಅವಸರಪಟ್ಟರೆ ಪಿಎಚ್ ಆಚೆ ಜಾರುತ್ತದೆ. ಯಕೃತ್ತು ಇದನ್ನು ವಿಷವಾಗಿ ಮಾರ್ಪಡಿಸುತ್ತದೆ, ಶ್ವಾಸಕೋಶದ ಎಂಡೋಥೀಲಿಯಂ ಅದಕ್ಕೆ ಗುರಿಯಾಗುತ್ತದೆ; 3–4 ವಾರಗಳಲ್ಲಿ ಒತ್ತಡ ಏರುತ್ತದೆ. ಸುಂಡಿಲಿಗಳಲ್ಲಿ ಈ ಮಾದರಿಯನ್ನು ನಾನು ನಂಬುವುದಿಲ್ಲ. ಎಂಡೋಥೀಲಿಯಂ ಕೋಶಗಳೇ ಬೆಳೆದು ನಾಳದ ಬಾಯಿ ಮುಚ್ಚುವುದನ್ನು ನೋಡಬೇಕಿದ್ದರೆ ರಕ್ತನಾಳದ ಬೆಳವಣಿಗೆಯ ಸಂಕೇತವನ್ನು ತಡೆಯುವ ಸುಗೆನ್ 5416 (ಕೆ.ಜಿ.ಗೆ 20 ಮಿ.ಗ್ರಾಂ), ಜೊತೆಗೆ 3 ವಾರ ಶೇ 10 ಆಮ್ಲಜನಕ, ನಂತರ ಮಾಮೂಲಿ ಗಾಳಿ.

ಫಲಿತಾಂಶ ಕೆಡುವುದು ಹೆಚ್ಚಾಗಿ ಶ್ವಾಸಕೋಶವನ್ನು ಫಿಕ್ಸ್ ಮಾಡುವ, ಅಂದರೆ ಕೊಳೆಯದಂತೆ ರಾಸಾಯನಿಕದಲ್ಲಿ ಸ್ಥಿರಗೊಳಿಸುವ ಹಂತದಲ್ಲಿ. ಹಾಗೇ ಫಾರ್ಮಲಿನ್‌ಗೆ ಹಾಕಿದ ಶ್ವಾಸಕೋಶ ಕುಸಿಯುತ್ತದೆ, ಒಳಗಿನ ನಾಳವೂ ಮುದುಡಿ ಗೋಡೆ ಸುಳ್ಳೇ ದಪ್ಪ ಕಾಣುತ್ತದೆ. ಆದ್ದರಿಂದ ಶ್ವಾಸನಾಳಕ್ಕೆ ತೂರುನಳಿಕೆ ಕಟ್ಟಿ, ಫಾರ್ಮಲಿನ್ ಬಾಟಲಿಯನ್ನು 20–25 ಸೆಂ.ಮೀ. ಎತ್ತರದಲ್ಲಿಟ್ಟು ಅಂಚುಗಳು ಚೂಪಾಗಿ ತುಂಬಿಕೊಳ್ಳುವವರೆಗೆ ಬಿಡುತ್ತೇನೆ. ಸಿರಿಂಜಿನಿಂದ ತಳ್ಳುವುದು ಬೇಡ, ಕೈಯ ಒತ್ತಡ ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ. ತುಂಬಿದ ಮೇಲೆ ಶ್ವಾಸನಾಳ ಕಟ್ಟಿ 24 ಗಂಟೆ ಫಾರ್ಮಲಿನ್‌ನಲ್ಲೇ ಇಡಬೇಕು. ಆಮೇಲೆ ಕತ್ತರಿಸುವ ತೆಳು ಪದರ (ಸೆಕ್ಷನ್) 4–5 ಮೈಕ್ರಾನ್ ದಪ್ಪವಿರಲಿ.

ಅಳತೆಗೆ ಎಲಾಸ್ಟಿಕ್ ವಾನ್ ಗೀಸನ್ ಸ್ಟೇನ್ (ಅಂಗಾಂಶಕ್ಕೆ ಹಾಕುವ ಬಣ್ಣ). ಒಳ ಮತ್ತು ಹೊರ ಎಲಾಸ್ಟಿಕ್ ಪದರಗಳು ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತವೆ, ಅವೆರಡರ ನಡುವಿನದೇ ಮಧ್ಯಪದರ. ಅದರ ದಪ್ಪವನ್ನು ಎರಡರಿಂದ ಗುಣಿಸಿ, ಹೊರವ್ಯಾಸದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಶೇಕಡಾವಾರು ಗೋಡೆ. ಓರೆಯಾಗಿ ಕತ್ತರಿಸಿದ ನಾಳ ದಪ್ಪಗೋಡೆಯ ಭ್ರಮೆ ಹುಟ್ಟಿಸುತ್ತದೆ; ಉದ್ದ ವ್ಯಾಸ ಅಡ್ಡ ವ್ಯಾಸದ ಒಂದೂವರೆ ಪಟ್ಟು ಮೀರಿದರೆ ಅದನ್ನು ಕೈಬಿಡುತ್ತೇನೆ. 50 ಮೈಕ್ರಾನ್‌ಗಿಂತ ಸಣ್ಣವನ್ನೂ 50–100 ಮೈಕ್ರಾನಿನವನ್ನೂ ಬೇರೆಬೇರೆ ಲೆಕ್ಕ ಹಾಕುತ್ತೇನೆ. ಸ್ಲೈಡು ಯಾವ ಗುಂಪಿನ ಪ್ರಾಣಿಯದೆಂದು ಎಣಿಸುವವರಿಗೆ ತಿಳಿದಿರಬಾರದು.

ಆಲ್ಫಾ ಎಸ್‌ಎಂಎ (ನಯಸ್ನಾಯುವಿನ ಆಕ್ಟಿನ್ ಪ್ರೋಟೀನ್) ಸ್ಟೇನ್ ಒಂದನ್ನೇ ನೆಚ್ಚಿಕೊಂಡ ವರದಿಗಳು ನನಗೆ ಅಷ್ಟಕ್ಕಷ್ಟೆ. ಸ್ನಾಯುವಿಲ್ಲದ ಸಣ್ಣ ನಾಳಕ್ಕೆ ಸುತ್ತಲೂ ಕಂದು ಉಂಗುರ ಬಂದಿತೆಂದರೆ ಗೋಡೆಗೆ ಸ್ನಾಯು ಸೇರಿತೆಂದು ಬರೆಯುತ್ತಾರೆ. ಆದರೆ ಮಯೋಫೈಬ್ರೋಬ್ಲಾಸ್ಟ್‌ಗಳೂ (ಸ್ನಾಯುವಿನಂತೆ ಸಂಕುಚಿಸಬಲ್ಲ ನಾರುಕೋಶಗಳು) ಅದೇ ಬಣ್ಣ ಹಿಡಿಯುತ್ತವೆ, ಸ್ವಭಾವ ಬದಲಿಸಿಕೊಳ್ಳುತ್ತಿರುವ ಎಂಡೋಥೀಲಿಯಂ ಕೋಶಗಳೂ ಹಿಡಿಯಬಹುದು. ಪಕ್ಕದ ಸೆಕ್ಷನ್‌ಗಳಲ್ಲಿ ಎಂವೈಎಚ್11 (ಸಂಕುಚಿಸುವ ನಯಸ್ನಾಯುವಿನ ಗುರುತು), ಸಿಡಿ31 (ಎಂಡೋಥೀಲಿಯಂ ಗುರುತು), ಕೆಐ67 (ವಿಭಜಿಸುತ್ತಿರುವ ಕೋಶದ ಗುರುತು) ನೋಡಲೇಬೇಕು. ಎಂವೈಎಚ್11 ಮಂಕಾಗಿ ಕೆಐ67 ಹೆಚ್ಚಾಗಿದ್ದರೆ ಸ್ನಾಯುಕೋಶ ಸಂಕುಚಿಸುವುದರಿಂದ ವಿಭಜಿಸುವುದಕ್ಕೆ ಹೊರಳಿದೆ ಎಂದು ಧೈರ್ಯವಾಗಿ ಹೇಳಬಹುದು.

ಕಲ್ಚರ್‌ಗೆ ದೊಡ್ಡ ಅಪಧಮನಿಯ ಕೋಶ ಸುಲಭವಾಗಿ ಸಿಗುತ್ತದೆ, ಆದರೆ ರೋಗ ಕೂರುವುದು ಸಣ್ಣ ನಾಳಗಳಲ್ಲಿ. ಹಾಗಾಗಿ ಕಡಿಮೆ ಉಷ್ಣತೆಯಲ್ಲಿ ಕರಗುವ ಅಗರೋಸ್‌ಗೆ (ತಣ್ಣಗಾದರೆ ಗಟ್ಟಿಯಾಗುವ ಜೆಲ್ಲಿ) ನುಣ್ಣನೆಯ ಕಬ್ಬಿಣದ ಕಣ ಬೆರೆಸಿ ಶ್ವಾಸಕೋಶದ ಅಪಧಮನಿಯ ಮೂಲಕ ತುಂಬಿಸುತ್ತೇನೆ. ಕಣಗಳು ಲೋಮನಾಳ ದಾಟಲಾರದೆ ಸಣ್ಣ ಅಪಧಮನಿಗಳಲ್ಲೇ ನಿಲ್ಲುತ್ತವೆ. ಅಂಗಾಂಶ ಹೆಚ್ಚಿ, ಕೊಲಾಜನ್ ಕರಗಿಸುವ ಕಿಣ್ವ ಕೊಲಾಜಿನೇಸ್‌ನಲ್ಲಿ ಸಡಿಲಿಸಿ ಅಯಸ್ಕಾಂತ ಹಿಡಿದರೆ ನಾಳದ ತುಂಡುಗಳು ಒಂದೆಡೆ ಸೇರುತ್ತವೆ. ಅಗರೋಸ್ ತುಂಬುವ ಮೊದಲೇ ಗಟ್ಟಿಯಾದರೆ ಎಲ್ಲ ವ್ಯರ್ಥ, ಸಿರಿಂಜೂ ಬೆಚ್ಚಗಿರಲಿ.

3ರಿಂದ 5ನೇ ಪ್ಯಾಸೇಜ್‌ನ (ಹೊಸ ತಟ್ಟೆಗೆ ವರ್ಗಾಯಿಸಿದ ಸರದಿ) ಕೋಶ ಮಾತ್ರ ಬಳಸುತ್ತೇನೆ, ಅದರಾಚೆ ಎಂವೈಎಚ್11 ಉದುರಿಹೋಗಿರುತ್ತದೆ. ಕೋಶ ವಿಭಜನೆಗೆ ಪ್ರಚೋದಿಸುವ ಪಿಡಿಜಿಎಫ್-ಬಿಬಿ (ಮಿ.ಲೀ.ಗೆ 20 ನ್ಯಾನೋಗ್ರಾಂ) ಕೊಡುವ ಮುನ್ನ 24–48 ಗಂಟೆ ಕೋಶಗಳ ಪೋಷಕ ದ್ರವದಲ್ಲಿನ ಸೀರಮ್ಮನ್ನು ಶೇ 0.1ಕ್ಕೆ ಇಳಿಸಬೇಕು. ಇಲ್ಲವಾದರೆ ಶೇ 10 ಸೀರಮ್ಮಿನಲ್ಲೇ ಎಲ್ಲ ಕೋಶಗಳೂ ವಿಭಜಿಸುತ್ತಲೇ ಇರುತ್ತವೆ, ರೋಗಕ್ಕೂ ಆರೋಗ್ಯಕ್ಕೂ ವ್ಯತ್ಯಾಸ ಕಾಣದು. ಹೋಲಿಸುವ ಎರಡೂ ಗುಂಪು ಒಂದೇ ಪ್ಯಾಸೇಜ್, ಒಂದೇ ಸಾಂದ್ರತೆಯಲ್ಲಿರಬೇಕು. ವಿರಳವಾಗಿ ಹರಡಿದ ಕೋಶ ತಾನಾಗೇ ಬೇಗ ವಿಭಜಿಸುತ್ತದೆ.